‘ಸಮತೋಲನದ ತಂಡ’ ಅನ್ನಬಹುದಾ? ಪೋಕೆಮಾನ್ ಆಟದ ಕೆಲವು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಪೋಕೆಮಾನ್ ಪಂದ್ಯಗಳಿಗೆ ಹೊಸದಾಗಿ ಇಳಿಯುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ಬ್ಯಾಲೆನ್ಸ್ಡ್ ಟೀಮ್’ ಅನ್ನುವುದಕ್ಕೆ ಮೊದಲು ‘ಸಮತೋಲನದ ತಂಡ’ ಎಂದು ಬರೆದಿದ್ದೆ. ಪತ್ರಿಕೆಗಳಲ್ಲಿ, ಪಾಠದ ಪುಸ್ತಕಗಳಲ್ಲಿ ದಿನಾ ಕಾಣುವ ಪದ, ಹಾಗಾಗಿ ಎರಡನೇ ಸಲ ಯೋಚಿಸಲಿಲ್ಲ. ಈಗ ಆ ಪದ ಓದುವವರಿಗೆ ತಪ್ಪು ದಾರಿ ತೋರಿಸುತ್ತಿದೆ ಅನ್ನಿಸುತ್ತಿದೆ. ಯಾಕೆ ಅಂತ ವಿವರಿಸುತ್ತೇನೆ. ನಿಮ್ಮ ಅಭಿಪ್ರಾಯ ಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪೋಕೆಮಾನ್ ಅನ್ನುವ ಕಾಲ್ಪನಿಕ ಪ್ರಾಣಿಗಳನ್ನು ಕಾದಾಡಿಸುವ ವಿಡಿಯೋ ಗೇಮ್ ಇದು. ಒಂದು ತಂಡದಲ್ಲಿ ಆರು ಪೋಕೆಮಾನ್. ಒಂದೊಂದಕ್ಕೆ ನಾಲ್ಕು ಮೂವ್, ಅಂದರೆ ಸರದಿ ಬಂದಾಗ ಬಳಸುವ ವರಸೆಗಳು. ಬೆಂಕಿ, ನೀರು, ಹುಲ್ಲು, ಉಕ್ಕು ಹೀಗೆ ಒಟ್ಟು 18 ಟೈಪ್‌ಗಳಿವೆ. 1996ರಲ್ಲಿ ಆಟ ಶುರುವಾದಾಗ 15 ಇದ್ದವು. ಯಾವುದಕ್ಕೆ ಯಾವುದರ ಏಟು ಜಾಸ್ತಿ ತಾಗುತ್ತದೆ ಅನ್ನುವುದೇ ಆಟದ ಬೇರು. ಇದರ ಜೊತೆಗೆ ಎಚ್‌ಪಿ (ಜೀವಬಲ), ಅಟ್ಯಾಕ್, ಡಿಫೆನ್ಸ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್ ಅಂತ ಪ್ರತಿಯೊಂದಕ್ಕೂ ಆರು ಅಂಕಿಗಳಿರುತ್ತವೆ.

ಕೈಪಿಡಿಯನ್ನು ಮೊದಲು ಓದಿದವಳು ನನ್ನ ಅಕ್ಕನ ಮಗಳು. ಓದಿದ ಮೇಲೆ ಬ್ರೌಸರ್‌ನಲ್ಲೇ ಆಡಬಹುದಾದ ಪೋಕೆಮಾನ್ ಶೋಡೌನ್‌ನಲ್ಲಿ ತಂಡ ಕಟ್ಟಿದಳು. ಎಲ್ಲ ತಲೆಮಾರಿನ ಪೋಕೆಮಾನ್‌ಗಳೂ ಸೇರಬಹುದಾದ ಪಂದ್ಯ ಅದು. ಅವಳು ಆರಿಸಿದ್ದು ಮ್ಯೂ, ಸೆಲೆಬಿ, ಜಿರಾಚಿ, ವಿಕ್ಟಿನಿ, ಮ್ಯಾನಫಿ, ಶೇಮಿನ್. ಈ ಆರಕ್ಕೂ ಆರು ಅಂಕಿಗಳೂ ನೂರು ನೂರೇ. ಒಂದರಲ್ಲೂ ಏರಿಕೆಯಿಲ್ಲ, ಇಳಿತವಿಲ್ಲ. ಅದನ್ನು ಹುಡುಕಿ ತೆಗೆದಿದ್ದಾಳೆ ಅಂದರೆ ಎಷ್ಟು ಶ್ರದ್ಧೆಯಿಂದ ಓದಿರಬೇಕು ನೋಡಿ.

ಪಂದ್ಯದಲ್ಲಿ ಎದುರಾಳಿ ವೀವೈಲ್ ಅನ್ನುವ ಒಂದನ್ನು ಇಳಿಸಿದ. ಅದು ಕತ್ತಲು ಮತ್ತು ಮಂಜು, ಎರಡೂ ಟೈಪ್ ಸೇರಿದ್ದು. ಅದರ ಸ್ಪೀಡ್ 125. ಇವಳ ಆರೂ ನೂರು, ಅಂದರೆ ಆರೂ ಅದಕ್ಕಿಂತ ನಿಧಾನ. ಮ್ಯೂ, ಸೆಲೆಬಿ, ಜಿರಾಚಿ, ವಿಕ್ಟಿನಿ ನಾಲ್ಕೂ ಸೈಕಿಕ್ ಟೈಪ್. ಆ ಟೈಪಿಗೆ ಕತ್ತಲಿನ ಏಟು ಎರಡು ಪಟ್ಟು ತಾಗುತ್ತದೆ. ಶೇಮಿನ್ ಹುಲ್ಲು, ಅದಕ್ಕೆ ಮಂಜು ಎರಡು ಪಟ್ಟು. ಆರರಲ್ಲಿ ಐದು ಒಂದೇ ಪೋಕೆಮಾನ್‌ಗೆ ಬಲಿಯಾಗುವಂಥವು. ವೀವೈಲ್ ಒಂದು ಸರದಿ ಸುಮ್ನೆ ನಿಂತು ‘ಸ್ವೋರ್ಡ್ಸ್ ಡ್ಯಾನ್ಸ್’ ಮಾಡಿ ತನ್ನ ಅಟ್ಯಾಕ್ ಎರಡರಷ್ಟು ಮಾಡಿಕೊಂಡಿತು. ಆಮೇಲೆ ಪಂದ್ಯದಲ್ಲಿ ಏನೂ ಉಳಿಯಲಿಲ್ಲ.

“ಮಾಮ, ನೀನೇ ಬರೆದಿದ್ದೀಯಲ್ಲ, ಸಮ ಇರಬೇಕು ಅಂತ. ಎಲ್ಲ ಸಮ ಇತ್ತು. ಯಾಕೆ ಸೋತೆ?” ಎಂದು ಕೇಳಿದಳು.

ಅವಳ ಓದಿನಲ್ಲಿ ತಪ್ಪಿಲ್ಲ. ‘ಸಮತೋಲನ’ದಲ್ಲಿ ಮೊದಲು ಕಿವಿಗೆ ಬೀಳುವುದು ‘ಸಮ’. ತಕ್ಕಡಿಯ ಎರಡು ತಟ್ಟೆ ಒಂದೇ ಮಟ್ಟದಲ್ಲಿ ನಿಂತಿರುವ ಚಿತ್ರ ಕಣ್ಣಿಗೆ ಬರುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಸಮತೋಲನ ಇದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆಯೂ ಅವಳು ಇದೇ ಅರ್ಥ ಹಿಡಿದಿದ್ದಳು. ಪ್ರತಿ ಪೋಕೆಮಾನ್‌ಗೂ ನಾವು ಹಂಚಬಹುದಾದ ಅಂಕಗಳಿವೆ, ಅದನ್ನು ಇವಿ ಅನ್ನುತ್ತಾರೆ. ಒಟ್ಟು 510, ಒಂದೊಂದು ಅಂಕಿಗೆ ಹೆಚ್ಚೆಂದರೆ 252. ಅವಳು 510ನ್ನು ಆರರಿಂದ ಭಾಗಿಸಿ 85, 85 ಎಂದು ಹಂಚಿದ್ದಳು. ನೂರನೇ ಮಟ್ಟದಲ್ಲಿ ನಾಲ್ಕು ಇವಿ ಸೇರಿದರೆ ಅಂಕಿ ಒಂದು ಏರುತ್ತದೆ. ಹಾಗಾಗಿ 85 ಹಾಕಿದರೂ ಸಿಗುವುದು 21, ಉಳಿದ ಒಂದೊಂದು ವ್ಯರ್ಥ. ಅದೇ ಎರಡು ಅಂಕಿಗೆ 252ರಂತೆ ಹಾಕಿದರೆ ಎರಡೂ 63 ಏರುತ್ತವೆ. ಓಡಬೇಕಾದ್ದು ಓಡುತ್ತದೆ, ಹೊಡೆಯಬೇಕಾದ್ದು ಹೊಡೆಯುತ್ತದೆ. ಸಮನಾಗಿ ಹಂಚಿದರೆ ಯಾವ ಕೆಲಸಕ್ಕೂ ಪೂರ್ತಿ ಒದಗುವುದಿಲ್ಲ.

ಆಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಗಮನಕ್ಕೆ ಬಂತು. ಇಂಗ್ಲಿಷಿನಲ್ಲಿ ಆಟಗಾರರು ‘ಬ್ಯಾಲೆನ್ಸ್ಡ್’ ಅನ್ನುವ ಒಂದೇ ಪದವನ್ನು ಮೂರು ಬೇರೆ ಬೇರೆ ಸಂಗತಿಗಳಿಗೆ ಹೇಳುತ್ತಾರೆ. ಅಂಕಿಗಳೆಲ್ಲ ಒಂದೇ ಅಳತೆಯಲ್ಲಿರುವ ಮ್ಯೂನಂಥ ಪೋಕೆಮಾನ್‌ಗೂ ಅದೇ. ಎಲ್ಲೂ ದೊಡ್ಡ ತೂತು ಇಲ್ಲದ ಹಾಗೆ ಕಟ್ಟಿದ ತಂಡಕ್ಕೂ ಅದೇ. ಒಂದು ಆಟದ ಶೈಲಿಗೂ ಅದೇ ಹೆಸರು. ನಾನು ಮೂರಕ್ಕೂ ‘ಸಮತೋಲನ’ ಎಂದು ಬರೆದು ಆ ಗೋಜಲನ್ನು ಹಾಗೇ ಕನ್ನಡಕ್ಕೆ ತಂದುಬಿಟ್ಟಿದ್ದೆ. ಕನ್ನಡದಲ್ಲಿ ಮೂರಕ್ಕೆ ಮೂರು ಪದ ಇರುವಾಗ ಆ ಗೋಜಲು ಯಾಕೆ ಬೇಕು?

ಮೊದಲನೆಯದಕ್ಕೆ ‘ಸಮ’ ಸಾಕು. ‘ಸಮ ಅಂಕಿಯ ಪೋಕೆಮಾನ್’ ಅಂದರೆ ಮುಗಿಯಿತು.

ಎರಡನೆಯದೇ ನಿಜವಾದ ಪ್ರಶ್ನೆ. ಅದಕ್ಕೆ ನನಗೆ ಹೊಳೆದದ್ದು ‘ಸರಿದೂಗು’. ಸರಿ, ತೂಗು ಎರಡು ಸೇರಿ ‘ತ’ ಹೋಗಿ ‘ದ’ ಬಂದ ಪದ. ಇಲ್ಲೂ ತಕ್ಕಡಿಯೇ ಇದೆ, ಆದರೆ ಬಳಕೆ ಬೇರೆ. ‘ಆದಾಯ ಖರ್ಚು ಸರಿದೂಗಿಸಿದೆ’, ‘ನಷ್ಟ ಸರಿದೂಗಿಸಿಕೊಂಡ’ ಎನ್ನುತ್ತೇವೆ. ಎರಡೂ ಮೊದಲಿನಿಂದ ಒಂದೇ ಅಳತೆಯಲ್ಲಿದ್ದವು ಅಂತ ಅಲ್ಲ. ಒಂದು ಕಡೆ ಕಮ್ಮಿ ಬಿದ್ದದ್ದನ್ನು ಇನ್ನೊಂದು ಕಡೆಯಿಂದ ತುಂಬಿದೆವು ಅಂತ. ತಂಡ ಕಟ್ಟುವುದು ಅಂದರೆ ಇದೇ ಕೆಲಸ ಅಲ್ವಾ?

ಇದಕ್ಕೆ ನನಗೆ ಬಹಳ ಇಷ್ಟವಾದ ಹಳೆಯ ಜೋಡಿಯೊಂದಿದೆ: ಬ್ಲಿಸ್ಸಿ ಮತ್ತು ಸ್ಕಾರ್ಮರಿ. ಬ್ಲಿಸ್ಸಿಯ ಎಚ್‌ಪಿ 255, ಸ್ಪೆಷಲ್ ಡಿಫೆನ್ಸ್ 135. ಆದರೆ ಡಿಫೆನ್ಸ್ ಬರೀ 10. ಸ್ಪೆಷಲ್ ಏಟು ಎಷ್ಟು ಬಂದರೂ ತಾಳಿಕೊಳ್ಳುತ್ತದೆ, ಮೈಮೇಲೆ ಬಿದ್ದು ಹೊಡೆದರೆ ಕುಸಿಯುತ್ತದೆ. ಸ್ಕಾರ್ಮರಿ ಉಕ್ಕಿನ ಹಕ್ಕಿ. ಡಿಫೆನ್ಸ್ 140, ಸ್ಪೆಷಲ್ ಡಿಫೆನ್ಸ್ 70. ಎರಡರಲ್ಲಿ ಯಾವುದೂ ‘ಸಮ’ ಅಲ್ಲ. ಬ್ಲಿಸ್ಸಿಯಷ್ಟು ಒಂದೇ ಕಡೆಗೆ ವಾಲಿದ ಪೋಕೆಮಾನ್ ಸಿಗುವುದೇ ಕಷ್ಟ. ಆದರೂ ಎರಡನ್ನೂ ಒಂದು ತಂಡದಲ್ಲಿ ಇಟ್ಟು, ಬರುವ ಏಟು ನೋಡಿ ಅದಲು ಬದಲು ಮಾಡುತ್ತಾ ಹೋದರೆ ಎದುರಾಳಿ ಸುಸ್ತಾಗುತ್ತಾನೆ. ಬ್ಲಿಸ್ಸಿಯನ್ನು ಸ್ಕಾರ್ಮರಿ ಸರಿದೂಗಿಸುತ್ತದೆ. ಇಲ್ಲಿ ‘ಸಮತೋಲನ’ ಹಾಕಿ ನೋಡಿ, ವಾಕ್ಯವೇ ಕೂರುವುದಿಲ್ಲ.

ಟೈಪ್‌ಗಳಲ್ಲೂ ಹೀಗೆಯೇ. ಗಾರ್ಚಾಂಪ್ ಡ್ರ್ಯಾಗನ್ ಮತ್ತು ನೆಲ. ಅದಕ್ಕೆ ಮಂಜಿನ ಏಟು ನಾಲ್ಕು ಪಟ್ಟು. ಬೆಂಕಿ ಮತ್ತು ಉಕ್ಕು ಸೇರಿದ ಹೀಟ್ರಾನ್ ಆ ಏಟನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಹೀಟ್ರಾನ್‌ಗೆ ನೆಲದ ಏಟು ನಾಲ್ಕು ಪಟ್ಟು. ನೀರು ಮತ್ತು ವಿದ್ಯುತ್ತಿನ ರೋಟಮ್ ಗಾಳಿಯಲ್ಲಿ ತೇಲುವುದರಿಂದ ನೆಲದ ಏಟು ಅದಕ್ಕೆ ತಾಗುವುದೇ ಇಲ್ಲ. ಹಾಗೆ ತೇಲುವ ರೋಟಮ್‌ಗೆ ಹುಲ್ಲೊಂದೇ ಭಯ. ಅದಕ್ಕೆ ಮತ್ತೆ ಹೀಟ್ರಾನ್ ಇದೆ. ಮೂರೇ ಪೋಕೆಮಾನ್‌ಗಳಲ್ಲಿ ಒಂದು ಸುತ್ತು ಬಂದು ಸೇರಿತು. ಹೊಸಬರಿಗೆ ನಾನು ಹೇಳುವುದೂ ಇಷ್ಟೇ. ಮೊದಲು ಇಷ್ಟವಾದ ಒಂದನ್ನು ಇಡಿ. ಅದಕ್ಕೆ ಏನು ಆಗಿಬರುವುದಿಲ್ಲ ಅಂತ ನೋಡಿ. ಅದನ್ನು ತಾಳಿಕೊಳ್ಳುವುದು ಎರಡನೆಯದಾಗಲಿ.

‘ವೀಕ್‌ನೆಸ್’ಗೆ ನಾನು ಈಗ ‘ದೌರ್ಬಲ್ಯ’ ಬಿಟ್ಟು ಈ ‘ಆಗಿಬರುವುದಿಲ್ಲ’ವನ್ನೇ ಬಳಸುತ್ತಿದ್ದೇನೆ. ‘ಗಾರ್ಚಾಂಪ್‌ಗೆ ಮಂಜು ಆಗಿಬರುವುದಿಲ್ಲ.’ ಮನೆಮಾತಿನ ಹಾಗೆ ಕೇಳಿಸುತ್ತದೆ, ಅರ್ಥವೂ ನೇರ. ದೌರ್ಬಲ್ಯ ಅಂದರೆ ಪೋಕೆಮಾನ್‌ನಲ್ಲೇ ಏನೋ ಬಲ ಕಡಿಮೆ ಅನ್ನಿಸುತ್ತದೆ. ಇಲ್ಲಿ ಬಲದ ಮಾತೇ ಇಲ್ಲ, ಎರಡರ ನಡುವಿನ ಹೊಂದಾಣಿಕೆಯ ಮಾತು.

‘ಸರಿದೂಗು’ ನನಗೆ ಒಪ್ಪಿಗೆ, ಆದರೆ ಯಾವ ರೂಪ ಅನ್ನುವಲ್ಲಿ ನಿಮ್ಮ ಸಹಾಯ ಬೇಕು. ‘ಸರಿದೂಗುವ ತಂಡ’ ಎಂದರೆ ಎದುರಾಳಿಗೆ ಸರಿಸಾಟಿಯಾದ ತಂಡ ಅನ್ನುವ ಅರ್ಥ ಬಂದುಬಿಡುತ್ತದೆ. ‘ಸರಿದೂಗಿದ ತಂಡ’ ಅಂದರೆ ತಾನಾಗಿಯೇ ಹಾಗೆ ಬಂದು ನಿಂತ ಹಾಗೆ. ‘ಸರಿದೂಗಿಸಿದ ತಂಡ’ ಅಂದರೆ ಯಾರೋ ಕೂತು, ಒಂದೊಂದರ ಕೊರತೆ ನೋಡಿ ಜೋಡಿಸಿದ್ದು ಅನ್ನುವುದು ಕಾಣುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ, ಬಾಯಿಗೆ ಸ್ವಲ್ಪ ಉದ್ದ ಅಷ್ಟೇ. ಗೆಳೆಯರೊಬ್ಬರು ‘ಹೊಂದಿಕೆಯ ತಂಡ’ ಸೂಚಿಸಿದರು. ಚೆನ್ನಾಗಿದೆ. ಆದರೆ ಹೊಂದಿಕೆ ಅಂದರೆ ಜಗಳವಿಲ್ಲದೆ ಜೊತೆಗಿರುವುದು. ಒಂದು ಇನ್ನೊಂದರ ತೂತು ಮುಚ್ಚುತ್ತದೆ ಅನ್ನುವುದು ಅದರಲ್ಲಿ ಇಲ್ಲ.

ಮೂರನೆಯದು, ಶೈಲಿಯ ಹೆಸರು. ಏಟು ತಿನ್ನುವ ಯೋಚನೆಯನ್ನೇ ಮಾಡದೆ ಮೊದಲ ಸರದಿಯಿಂದ ಹೊಡೆಯುತ್ತಲೇ ಹೋಗುವ ತಂಡಗಳಿವೆ, ಅವನ್ನು ‘ಮುನ್ನುಗ್ಗುವ ತಂಡ’ ಎಂದಿದ್ದೇನೆ. ತಾನು ಹೊಡೆಯುವುದು ಕಮ್ಮಿ, ಎದುರಾಳಿಯನ್ನು ವಿಷದಿಂದಲೋ ನೆಲದಲ್ಲಿ ಹಾಸಿದ ಕಲ್ಲುಗಳಿಂದಲೋ ನಿಧಾನಕ್ಕೆ ಸವೆಸುವ ತಂಡಗಳಿವೆ. ಅದಕ್ಕೆ ‘ಸತಾಯಿಸುವ ತಂಡ’. ಆಡಿದವರಿಗೆ ಗೊತ್ತು, ಇದಕ್ಕಿಂತ ಸರಿಯಾದ ಪದ ಇಲ್ಲ. ಇವೆರಡರ ನಡುವೆ ಇರುವುದನ್ನು ‘ಹದವಾದ ತಂಡ’ ಅನ್ನಬಹುದೇ? ಹದ ಅಂದರೆ ಅತಿಯಾಗದ, ಕೊರತೆಯೂ ಆಗದ ಸ್ಥಿತಿ. ಶೈಲಿಯ ಹೆಸರಾಗಿ ನನಗೆ ಇದು ತುಂಬಾ ಹಿಡಿಸಿದೆ.

ಇನ್ನು ತಂಡದೊಳಗಿನ ಕೆಲಸಗಳ ಹೆಸರು. ಏಟು ತಾಳಿಕೊಂಡು ನಿಲ್ಲುವ ‘ವಾಲ್’ಗೆ ಗೋಡೆ, ಅದರಲ್ಲಿ ಚರ್ಚೆ ಇಲ್ಲ. ‘ಸ್ವೀಪರ್’ ಕಷ್ಟ ಕೊಟ್ಟಿತು. ವೀವೈಲ್ ಅವಳ ತಂಡಕ್ಕೆ ಮಾಡಿದ್ದು ಅದನ್ನೇ, ಒಂದೇ ಸಮನೆ ಎಲ್ಲವನ್ನೂ ಹೊಡೆದು ಮುಗಿಸುವುದು. ‘ಗುಡಿಸು’ ಅಂದರೆ ಕಸಪೊರಕೆ ನೆನಪಾಗುತ್ತದೆ ಎಂದು ಮೊದಲು ಬಿಟ್ಟುಬಿಟ್ಟೆ. ಆಮೇಲೆ ‘ಗುಡಿಸಿ ಗುಂಡಾಂತರ ಮಾಡಿದ’ ಅನ್ನುವ ಮಾತು ನೆನಪಿಗೆ ಬಂತು. ಏನೂ ಉಳಿಸದೆ ನಾಶ ಮಾಡುವ ಅರ್ಥ ಈ ಪದಕ್ಕೆ ನಮ್ಮಲ್ಲೇ ಇದೆ. ಅದನ್ನು ಯಾರಿಂದಲೂ ಎರವಲು ತರಬೇಕಾಗಿಲ್ಲ. ಇನ್ನೊಂದು ಪದ ‘ಸವರು’. ಈಗ ನಾವು ತಲೆ ಸವರುತ್ತೇವೆ, ಬೆನ್ನು ಸವರುತ್ತೇವೆ, ಎಲ್ಲ ಪ್ರೀತಿಯ ಕೆಲಸ. ಆದರೆ ಮರದ ಕೊಂಬೆ ಸವರುವುದು ಅಂದರೆ ಕಡಿಯುವುದು. ಹಳೆಯ ಕಾವ್ಯಗಳ ಯುದ್ಧದ ಭಾಗಗಳಲ್ಲೂ ಸವರುವುದೆಂದರೆ ಕಡಿದು ಕೊಲ್ಲುವುದೇ. ‘ವೀವೈಲ್ ಆರನ್ನೂ ಸವರಿ ಹಾಕಿತು’ ಅಂದಾಗ ಅದರ ಚುರುಕು, ಉಗುರು ಎರಡೂ ಕಾಣುತ್ತವೆ. ಇಂದಿನ ಹತ್ತು ಹನ್ನೆರಡು ವರ್ಷದ ಓದುಗರಿಗೆ ಆ ಅರ್ಥ ತಟ್ಟುತ್ತದಾ ಅನ್ನುವುದೊಂದೇ ನನ್ನ ಅನುಮಾನ. ನಿಮ್ಮ ಕಡೆ ಮಕ್ಕಳು ‘ಸವರು’ವನ್ನು ಕಡಿಯುವ ಅರ್ಥದಲ್ಲಿ ಬಳಸುತ್ತಾರಾ? ತಿಳಿಸಿ.

ಹೊಡೆಯದೆ ಸುಮ್ನೆ ಬಲ ಏರಿಸಿಕೊಳ್ಳುವ ಆ ಒಂದು ಸರದಿಗೆ ‘ಮಸೆಯುವುದು’ ಎಂದು ಇಟ್ಟುಕೊಂಡಿದ್ದೇನೆ. ಕತ್ತಿ ಮಸೆಯುವವನು ಇನ್ನೂ ಹೊಡೆದಿಲ್ಲ, ಆದರೆ ಹೊಡೆಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ‘ಎದುರಾಳಿಗೆ ಮಸೆಯಲು ಬಿಡಬೇಡಿ’ ಎಂದು ಬರೆದಾಗ ಅಕ್ಕನ ಮಗಳಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ.

‘ಮೂವ್’ಗೆ ಕುಸ್ತಿಯ ‘ಪಟ್ಟು’ ಎಷ್ಟು ಚೆಂದ ಇತ್ತು! ಆದರೆ ‘ಎರಡು ಪಟ್ಟು’, ‘ನಾಲ್ಕು ಪಟ್ಟು’ ಎಂದು ಸಾಲಿಗೊಂದು ಸಲ ಬರುವ ಬರಹದಲ್ಲಿ ‘ನಾಲ್ಕು ಪಟ್ಟು’ ಅಂದರೆ ನಾಲ್ಕು ಮೂವ್‌ಗಳೋ ನಾಲ್ಕರಷ್ಟು ಏಟೋ ಗೊತ್ತಾಗುವುದಿಲ್ಲ. ಬೇಸರದಿಂದಲೇ ಕೈಬಿಟ್ಟೆ. ‘ಮೂವ್’ ಎಂದೇ ಇದೆ.

ಆಟಗಾರರು ‘ಚೆಕ್’, ‘ಕೌಂಟರ್’ ಎಂದು ಎರಡು ಬೇರೆ ಮಾತು ಆಡುತ್ತಾರೆ. ಎದುರಿನ ಪೋಕೆಮಾನ್ ಹೊಡೆಯುತ್ತಿರುವಾಗಲೇ ಕಣಕ್ಕಿಳಿದು, ಆ ಏಟು ತಿಂದೂ ಅದನ್ನು ಮಣಿಸುವುದು ಕೌಂಟರ್. ಏಟು ತಿನ್ನದೆ ಇಳಿಯುವ ಅವಕಾಶ ಸಿಕ್ಕರೆ ಮಾತ್ರ ಮಣಿಸಬಲ್ಲದ್ದು ಚೆಕ್. ಮೊದಲನೆಯದಕ್ಕೆ ‘ಮದ್ದು’, ಎರಡನೆಯದಕ್ಕೆ ‘ತಡೆ’ ಎಂದು ಬರೆದಿದ್ದೇನೆ. ‘ವೀವೈಲ್‌ಗೆ ನಿನ್ನ ತಂಡದಲ್ಲಿ ಮದ್ದು ಇದೆಯಾ?’ ಎಂದು ಕೇಳಿದರೆ ತಂಡ ಕಟ್ಟುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಆಗುತ್ತದೆ. ‘ಮದ್ದು ಹಾಕುವುದು’ ಅಂದರೆ ಬೇರೆ ಅರ್ಥವೂ ಇದೆ, ಆದರೆ ಇಲ್ಲಿ ಅದು ಅಡ್ಡ ಬರಲಾರದು.

ಕೊನೆಗೆ ಉಳಿದಿರುವುದು ‘ಪಿವಟ್’. ರೋಟಮ್ ಕಣಕ್ಕಿಳಿದು ಏಟು ತಿಂದು, ‘ವೋಲ್ಟ್ ಸ್ವಿಚ್’ ಅನ್ನುವ ಮೂವ್‌ನಿಂದ ಒಂದೇಟು ಕೊಟ್ಟು, ಅದೇ ಸರದಿಯಲ್ಲಿ ಹಿಂದಕ್ಕೆ ಬರುತ್ತದೆ. ಆ ಜಾಗಕ್ಕೆ ಗಾರ್ಚಾಂಪ್ ಏಟು ತಿನ್ನದೆ ಇಳಿಯುತ್ತದೆ. ಸರಿದೂಗಿಸಿದ ತಂಡ ಆಟದ ನಡುವೆ ಸಲೀಸಾಗಿ ತಿರುಗುವುದು ಇಂಥ ಒಂದರ ಮೇಲೆ. ‘ಕೀಲು’ ಎಂದು ಬರೆದರೆ ಬಾಗಿಲು ತಿರುಗುವ ಕೀಲು ಹೊಳೆಯುತ್ತದಾ, ಮೊಣಕಾಲಿನ ಕೀಲು ನೋವು ಹೊಳೆಯುತ್ತದಾ? ‘ತಿರುಗಣಿ’ ಇನ್ನೂ ಬಳಕೆಯಲ್ಲಿದೆಯಾ? ಇವೆರಡರಲ್ಲಿ ಯಾವುದಾದರೂ ನಿಮ್ಮ ದಿನದ ಮಾತಿನಲ್ಲಿ ಬರುತ್ತಿದ್ದರೆ, ಯಾವ ವಾಕ್ಯದಲ್ಲಿ ಬರುತ್ತದೆ ಅನ್ನುವುದನ್ನೂ ಸೇರಿಸಿ ಬರೆಯಿರಿ.