ಅಪ್‌ಡೇಟ್: ಬಾನೆಟ್ ತರಿತರಿ, ವ್ಯಾಕ್ಸ್ ಪಟ್ಟೆ ಎರಡೂ ಹೋಯ್ತು

ಕಾರ್ ಎಷ್ಟು ತೊಳೆದ್ರೂ ಬಾನೆಟ್ ಮುಟ್ಟಿದ್ರೆ ತರಿತರಿ, ವ್ಯಾಕ್ಸ್ ಹಾಕಿದ್ರೆ ಮಬ್ಬು ಪಟ್ಟೆ ಬೀಳುತ್ತೆ ಅಂತ ಕೇಳಿದ್ನಲ್ಲ, ಸರಿ ಹೋಯ್ತು. ಕ್ಲೇ ಬಾರ್ (ಪೇಂಟ್‌ಗೆ ಅಂಟಿದ ಕೊಳೆ ಎತ್ತೋ ಮೆತ್ತನೆ ಜೇಡಿಯಂಥ ತುಂಡು) ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಶಾಂಪೂ ನೀರು ಚೆನ್ನಾಗಿ ಸ್ಪ್ರೇ ಮಾಡ್ಕೊಂಡು ಒತ್ತದೆ ಹಗುರವಾಗಿ ಆಡಿಸ್ತಾ ಹೋದೆ, ಮೊದ್ಲು ಕರಕರ ಅಂತಿದ್ದ ಕ್ಲೇ ಆಮೇಲೆ ಸದ್ದಿಲ್ದೆ ಜಾರೋಕೆ ಶುರುವಾಯ್ತು, ತಿರುಗಿಸಿ ನೋಡಿದ್ರೆ ಪೂರ್ತಿ ಕಂದು ಕೊಳೆ! ವಿನೆಗರ್ ನೀರಿಂದ ನೀರಿನ ಕಲೆ ಸ್ವಲ್ಪ ಹೋಯ್ತು ಅಷ್ಟೇ, ತರಿ ಹೋಗ್ಲಿಲ್ಲ. ಪಟ್ಟೆಗೆ ನೆರಳಲ್ಲಿ, ಬಾನೆಟ್ ತಣ್ಣಗಾದ್ಮೇಲೆ ವ್ಯಾಕ್ಸ್ ತೆಳ್ಳಗೆ ಹಚ್ಚಿ ಅಂದಿದ್ದೇ ಕೆಲಸ ಮಾಡ್ತು, ಒಣಗಿದ್ಮೇಲೆ ಮೈಕ್ರೋಫೈಬರಲ್ಲಿ ಒರೆಸಿದ್ರೆ ಸಲೀಸಾಗಿ ಬಂತು. ಹೊಸದಾಗಿ ಗೊತ್ತಾಗಿದ್ದು ಅಂದ್ರೆ, ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಪೇಂಟ್ ಸವರಿದ್ರೆ ಕಣ್ಣಿಗೆ ಕಾಣದ ತರಿನೂ ಸಿಗುತ್ತೆ. ಕ್ಲೇ ನೆಲಕ್ಕೆ ಬಿದ್ರೆ ಮಾತ್ರ ಬಿಸಾಕಿ, ಮರಳು ಅಂಟ್ಕೊಂಡು ಗೀರು ಬೀಳುತ್ತೆ.