ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಎಂದಿದ್ದಾರೆ: ಗಂಡ ಹೆಂಡತಿ ಹೇಗಿರಬೇಕು?

ಪ್ರಶ್ನೆ: ಮಲೆನಾಡಿಗ

ನಮಸ್ಕಾರ. ನನ್ನ ಹೆಂಡತಿಗೆ ಇದು ಚೊಚ್ಚಲ ಬಸಿರು. ಈಗ 21 ವಾರ ತುಂಬಿದೆ. ಮೊದಲ ಮೂರು ತಿಂಗಳು ವಾಂತಿ, ಸುಸ್ತಿನಲ್ಲೇ ಕಳೆದವು. ಆಮೇಲೆ ಊಟ ಸೇರತೊಡಗಿ, ಮುಖದಲ್ಲಿ ಕಳೆ ಬಂದು, ನಾವಿಬ್ಬರೂ ಮತ್ತೆ ಹತ್ತಿರವಾಗಿದ್ದೆವು. ಕಳೆದ ವಾರ ಮಗುವಿನ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನಿನಲ್ಲಿ ಮಗುವಿನ ಬೆಳವಣಿಗೆ ಸರಿಯಾಗಿದೆ ಎಂದಿದ್ದರೂ, ಮಾಸು (ಪ್ಲಸೆಂಟಾ) ಕೆಳಗಿದ್ದು, ಅದರ ಅಂಚು ಗರ್ಭಕಂಠದ ಒಳಬಾಯಿಯಿಂದ 14 ಮಿ.ಮೀ. ದೂರದಲ್ಲಿದೆ ಎಂದು ಬರೆದಿದ್ದಾರೆ. ‘ಜಾಗ್ರತೆಯಾಗಿರಿ, 32ನೆಯ ವಾರಕ್ಕೆ ಮತ್ತೆ ನೋಡೋಣ’ ಎಂದರು ವೈದ್ಯರು. ಪಕ್ಕದಲ್ಲಿ ನನ್ನ ತಾಯಿ ಕುಳಿತಿದ್ದುದರಿಂದ, ಕೇಳಲೇಬೇಕಾಗಿದ್ದ ಪ್ರಶ್ನೆ ಗಂಟಲಿನಲ್ಲೇ ಉಳಿಯಿತು. ಅಂದಿನಿಂದ ನಾನು ನಡುಮನೆಯಲ್ಲಿ ಮಲಗುತ್ತಿದ್ದೇನೆ. ಮುಟ್ಟಿದರೆ ಮಗುವಿಗೆ ಏನಾದೀತೋ ಎಂಬ ಭಯ ನನ್ನದು. ಮೈ ಬದಲಾದುದರಿಂದ ತಾನು ಬೇಡವಾದೆನೇನೋ ಎಂಬ ನೋವು ಅವಳದು. ನಾವು ಸೇರಿದ್ದರಿಂದಲೇ ಮಾಸು ಕೆಳಗೆ ಜಾರಿರಬಹುದೇ?

ಉತ್ತರ: ಹೆರಿಗೆ ವಾರ್ಡಿನ ದಾದಿ

ಮೊದಲು ಆ ತಪ್ಪಿನ ಹೊರೆಯನ್ನು ಇಳಿಸಿಬಿಡಿ. ಮಾಸು ಎಲ್ಲಿರಬೇಕೆಂಬುದು ಭ್ರೂಣ ಗರ್ಭಕೋಶದಲ್ಲಿ ಎಲ್ಲಿ ನೆಲೆಯೂರಿತು ಎಂಬುದರ ಮೇಲೆ ನಿರ್ಧಾರವಾಗುತ್ತದೆ. ನೀವು ಸೇರಿದ್ದರಿಂದ ಅದು ಜಾರಿಲ್ಲ. ತೊಂದರೆಯಿಲ್ಲದ ಬಸಿರಿನಲ್ಲಿ ಮಗು ನೀರಿನ ಚೀಲದೊಳಗೆ, ಗರ್ಭಕೋಶದ ದಪ್ಪ ಸ್ನಾಯುವಿನ ಆಶ್ರಯದಲ್ಲಿ ಇರುತ್ತದೆ, ಗರ್ಭಕಂಠದ ಬಾಯಿಯನ್ನು ಗಟ್ಟಿ ಲೋಳೆ ಮುಚ್ಚಿರುತ್ತದೆ. ಆದ್ದರಿಂದ ಸಂಭೋಗದಿಂದ ಮಗುವಿಗೆ ಪೆಟ್ಟಾಗುವುದಿಲ್ಲ.

ಆದರೆ ನಿಮ್ಮ ಸಂಗತಿ ಬೇರೆ. ಅಂಚು ಒಳಬಾಯಿಗೆ 20 ಮಿ.ಮೀ.ಗಿಂತ ಹತ್ತಿರವಿದ್ದರೆ ಮಾಸು ಕೆಳಗಿದೆ ಎನ್ನುತ್ತಾರೆ. ಅಲ್ಲಿ ರಕ್ತಸ್ರಾವದ ಸಂಭವವಿರುವುದರಿಂದ ಸಂಭೋಗ ಬೇಡವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಒಂಬತ್ತು ತಿಂಗಳ ಶಿಕ್ಷೆಯೇನಲ್ಲ: ಗರ್ಭಕೋಶದ ಕೆಳಭಾಗ ಬೆಳೆದು ಹಿಗ್ಗಿದಂತೆ ಹೆಚ್ಚಿನವರಲ್ಲಿ ಮಾಸಿನ ಅಂಚು ಬಾಯಿಯಿಂದ ದೂರ ಸರಿಯುತ್ತದೆ. 32ನೆಯ ವಾರದ ಸ್ಕ್ಯಾನ್ ಅದಕ್ಕಾಗಿಯೇ. ‘ಜಾಗ್ರತೆ’ ಎಂಬ ಮಾತಿನಲ್ಲಿ ಏನೇನು ಸೇರಿದೆ ಎಂದು ವೈದ್ಯರನ್ನು ಬಿಡಿಸಿ ಕೇಳಿ. ಸಂಭೋಗ ಎಲ್ಲಿಯವರೆಗೆ ಬೇಡ, ತೃಪ್ತಿಯ ಕ್ಷಣದಲ್ಲಿ ಹೊಟ್ಟೆ ಬಿಗಿಯುವುದರಿಂದ ಅವಳಿಗೆ ಬೇರೆ ರೀತಿಯ ಸುಖವೂ ಬೇಡವೇ ಎಂಬುದನ್ನೂ ಕೇಳಿ. ನಮ್ಮ ವಾರ್ಡಿನಲ್ಲಿ ಇದನ್ನು ಕೇಳುವವರು ತೀರ ಕಡಿಮೆ, ಆದರೆ ಕೇಳಿದವರನ್ನು ಯಾರೂ ಕೀಳಾಗಿ ಕಂಡಿಲ್ಲ.

ನೋವಿಲ್ಲದಿದ್ದರೂ ಕೆಂಪು ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ; ತಾಯಿ ಕಾರ್ಡ್ ಹಿಡಿದುಕೊಂಡು ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನಿಮ್ಮ ಹೆಂಡತಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲೇ ಹೇಳಿ, ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು.

ಉತ್ತರ: ಎರಡು ಮಕ್ಕಳ ತಾಯಿ

ನಾನೂ ಇದನ್ನೇ ದಾಟಿ ಬಂದವಳು, ಆದ್ದರಿಂದ ನಿಮ್ಮ ಹೆಂಡತಿಯ ಪರವಾಗಿ ಒಂದು ಮಾತು. ನಮಗೆ ವೈದ್ಯರು ಬೇಡವೆಂದದ್ದು ಸಂಭೋಗವನ್ನು ಮಾತ್ರ. ನಮ್ಮ ಮನೆಯಲ್ಲಿ ಮಾತು, ಸ್ಪರ್ಶ ಎಲ್ಲವೂ ಅದರೊಡನೆ ನಿಂತುಹೋದವು. ನಾನು ಒಂದು ವಾರ ಗೋಡೆಯ ಕಡೆ ತಿರುಗಿ ಮಲಗಿ ಅತ್ತಿದ್ದೇನೆ. ಒಂದು ಸಂಜೆ ಕಾಲು ಊದಿಕೊಂಡು ಕಾಲುಂಗುರ ಬಿಗಿದಿತ್ತು. ನಮ್ಮವರು ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಸೋಪಿನ ನೊರೆ ಹಚ್ಚಿ, ಬೆರಳಿಗೆ ನೋವಾಗದಂತೆ ಸುತ್ತಿಸಿ ಸುತ್ತಿಸಿ ಅದನ್ನು ಬಿಡಿಸಿದರು. ಆಮೇಲೆ ದಿನವೂ ಪಾದಕ್ಕೆ ಎಣ್ಣೆ ತಿಕ್ಕುವುದು ರೂಢಿಯಾಯಿತು, ಮಗುವಿನ ಒದೆತ ಅವರ ಅಂಗೈಗೆ ಮೊದಲು ಸಿಕ್ಕಿದ್ದೂ ಆ ದಿನಗಳಲ್ಲೇ. ಮುಂದಿನ ಸ್ಕ್ಯಾನಿನಲ್ಲಿ ಮಾಸು ಮೇಲೆ ಸರಿದಿತ್ತು, ವೈದ್ಯರು ಒಪ್ಪಿಗೆ ಕೊಟ್ಟರು. ಹೊಟ್ಟೆ ದೊಡ್ಡದಾಗಿದ್ದರಿಂದ ಅಂಗಾತ ಮಲಗುವುದನ್ನು ಬಿಟ್ಟು ಮಗ್ಗುಲಾಗಿರುವುದೇ ನನಗೆ ಹಿತವಾಗಿತ್ತು. ಸೀಮಂತ ಮುಗಿಸಿ ನಿಮ್ಮ ಹೆಂಡತಿ ತವರಿಗೆ ಹೊರಟರೆ ಮತ್ತೆ ತಿಂಗಳುಗಟ್ಟಲೆ ದೂರವಿರುತ್ತೀರಿ, ಈಗಲೇ ಬೇರೆ ಮಲಗಬೇಡಿ.

ಉತ್ತರ: ಬಯಲುಸೀಮೆ

ನಮ್ಮಲ್ಲಿ ಹಿರಿಯರು ಒಂಬತ್ತು ತಿಂಗಳೂ ದೂರವಿರಬೇಕು ಎನ್ನುತ್ತಾರೆ. ಅದನ್ನೇ ಪಾಲಿಸುವುದು ಕ್ಷೇಮವಲ್ಲವೇ?

ಉತ್ತರ: ಹೆರಿಗೆ ವಾರ್ಡಿನ ದಾದಿ

ಹೆಂಡತಿಗೆ ಮನಸ್ಸಿಲ್ಲದಿದ್ದರೆ ದೂರವಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮಾಸು ಕೆಳಗಿದ್ದರೆ, ರಕ್ತ ಅಥವಾ ನೀರು ಹೋಗುತ್ತಿದ್ದರೆ, ಗರ್ಭಕಂಠ ಗಿಡ್ಡವಾಗಿದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ವೈದ್ಯರ ಮಾತಿನಂತೆ ನಡೆಯಬೇಕು. ಇವು ಯಾವುವೂ ಇಲ್ಲದ, ಇಬ್ಬರಿಗೂ ಇಷ್ಟವಿರುವ ದಂಪತಿಗಳನ್ನು ಬೇರ್ಪಡಿಸಲು ವೈದ್ಯಕೀಯ ಕಾರಣವಿಲ್ಲ.

ಉತ್ತರ: ಮಲೆನಾಡಿಗ

ಇವತ್ತು ನಾವಿಬ್ಬರೇ ಹೋಗಿ ಕೇಳಿದೆವು. ಕೇಳಿದ್ದು ನಾನಲ್ಲ, ಅವಳು. ಮುಂದಿನ ಸ್ಕ್ಯಾನ್ ಆಗುವವರೆಗೆ ಸಂಭೋಗ ಬೇಡ, ಹೊಟ್ಟೆ ಬಿಗಿಯುವಂತಹ ಉದ್ರೇಕವೂ ಸದ್ಯಕ್ಕೆ ಬೇಡ, ಜೊತೆಯಲ್ಲಿ ಮಲಗಲು, ಅಪ್ಪಿಕೊಳ್ಳಲು ಯಾವ ಅಡ್ಡಿಯೂ ಇಲ್ಲ ಎಂದರು. ಅವಳ ಗುಂಪು ಓ ಪಾಸಿಟಿವ್. ನನ್ನ ದಿಂಬು, ಹೊದಿಕೆ ಮತ್ತೆ ಕೋಣೆಗೆ ಬಂದಿವೆ.