ತಮಿಳಿನ ‘ಯಾರ್ ಸೊನ್ನಾ?’ ಮತ್ತು ‘ಎಪ್ಪಡಿ ತೆರಿಯುಂ?’: ಬಳಕೆಯ ಬಗ್ಗೆ

ಚೆನ್ನೈಗೆ ಬಂದು ನೆಲೆಸುವ ಕನ್ನಡಿಗರು ಬೇಗನೆ ಕಲಿಯಬೇಕಾದ ತಮಿಳು ಮಾತುಗಳಲ್ಲಿ ‘ಯಾರ್ ಸೊನ್ನಾ?’, ಅಂದರೆ ‘ಯಾರು ಹೇಳಿದರು?’ ಎಂಬುದೂ ಒಂದು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ ಸಂಜೆ ಮಳೆ ಬಿಡದೆ ಹಿಡಿದುಕೊಂಡಿತೆಂದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ನಾಳೈಕ್ಕು ಲೀವಾಂ’ ಎಂಬ ಸುದ್ದಿ ಹಬ್ಬುತ್ತದೆ, ಕೇಳಿಸಿಕೊಂಡವರು ಒಡನೆಯೇ ‘ಯಾರ್ ಸೊನ್ನಾ?’ ಎನ್ನುತ್ತಾರೆ. ಮಳೆಯ ರಜೆಯನ್ನು ಜಿಲ್ಲೆಯ ಕಲೆಕ್ಟರ್ ಘೋಷಿಸುವುದರಿಂದ ‘ಕಲೆಕ್ಟರ್ ಸೊನ್ನಾರಾಂ’ ಎಂಬ ಉತ್ತರಕ್ಕೆ ಸ್ವಲ್ಪ ತೂಕವಿದೆ. ಆದರೆ ಆ ಉತ್ತರದ ಕೊನೆಯಲ್ಲೂ ‘ಆಂ’ ಇರುವುದರಿಂದ ವಿಚಾರಣೆ ಅಲ್ಲಿಗೇ ಮುಗಿಯುವುದಿಲ್ಲ.

ಈ ‘ಆಂ’ ಪ್ರತ್ಯಯವು ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುತ್ತದೆ. ‘ಲೀವಾಂ’ ಎಂದರೆ ‘ರಜೆಯಂತೆ’, ‘ಸೊನ್ನಾರಾಂ’ ಎಂದರೆ ‘ಹೇಳಿದರಂತೆ’. ಹೇಳುವವರು ತಾವು ಕಂಡದ್ದಲ್ಲ, ಬೇರೊಬ್ಬರಿಂದ ಕೇಳಿದ್ದು ಎಂಬುದನ್ನು ಮಾತಿನ ಕೊನೆಯಲ್ಲೇ ತಿಳಿಸಿಬಿಡುವ ಈ ಅನುಕೂಲ ಎರಡೂ ಭಾಷೆಗಳಲ್ಲಿ ಇರುವುದರಿಂದ, ‘ಯಾರ್ ಸೊನ್ನಾ?’ ಎಂಬ ಪ್ರಶ್ನೆಯ ಧ್ವನಿಯನ್ನು ಹಿಡಿಯಲು ಕನ್ನಡಿಗರಿಗೆ ಇಂಗ್ಲಿಷಿನ ಮೂಲಕ ಹೋಗಬೇಕಾದ ಅಗತ್ಯವೇ ಇಲ್ಲ. ‘ಆಂ’ ಸೇರಿಸಿ ಹೇಳಿದ ಮಾತಿಗೆ ‘ಯಾರ್ ಸೊನ್ನಾ?’ ಎಂದು ಕೇಳಿದರೆ ಅದು ನಿಜವಾದ ವಿಚಾರಣೆ. ಹೇಳಿದವರೂ ಬೇಸರಪಡದೆ ಉತ್ತರಿಸುತ್ತಾರೆ. ‘ನಾಳೈಕ್ಕು ಲೀವು’ ಎಂದು ಖಚಿತವಾಗಿ ಹೇಳಿದವರಿಗೆ ಅದೇ ಪ್ರಶ್ನೆಯನ್ನು ಹಾಕಿದರೆ ‘ಹಾಗೇನೂ ಇಲ್ಲ, ಸುಮ್ಮನೆ ಹೇಳಬೇಡ’ ಎಂಬ ಅರ್ಥ ಹೊರಡುವ ಸಂಭವ ಹೆಚ್ಚು. ‘ಅಪ್ಪಡಿನ್ನು ಯಾರ್ ಸೊನ್ನಾ?’, ಅಂದರೆ ‘ಹಾಗಂತ ಯಾರು ಹೇಳಿದರು?’ ಎಂದಾಗಲಂತೂ ಅದು ಹೆಚ್ಚಾಗಿ ಅಲ್ಲಗಳೆಯುವ ಮಾತೇ.

ರೂಪದ ವಿಷಯದಲ್ಲಿ ಮಾತ್ರ ಕಲಿಯುವವರು ಎಚ್ಚರದಿಂದಿರಬೇಕು. ಆಡುಮಾತಿನ ‘ಸೊನ್ನಾ’ ಒಂದೇ ರೂಪವಲ್ಲ. ‘ಅವ ಸೊನ್ನಾ’ ಎಂಬಲ್ಲಿ ಅದು ಬರಹದ ‘ಸೊನ್ನಾಳ್’, ಅಂದರೆ ‘ಹೇಳಿದಳು’. ‘ನಾನ್ ಸೊನ್ನಾ ಕೇಪ್ಪಾನ್’ ಎಂಬಲ್ಲಿ ‘ಸೊನ್ನಾಲ್’, ಅಂದರೆ ‘ನಾನು ಹೇಳಿದರೆ ಕೇಳುತ್ತಾನೆ’. ‘ಯಾರ್ ಸೊನ್ನಾ?’ ಎಂಬಲ್ಲಿ ಹೇಳಿದವರು ಗಂಡೋ ಹೆಣ್ಣೋ ಎಂಬ ಸೂಚನೆಯಿಲ್ಲ. ನಮ್ಮ ‘ಯಾರು ಹೇಳಿದರು?’ ಎಂಬುದರಂತೆ ಇಬ್ಬರಿಗೂ ಸಲ್ಲುತ್ತದೆ. ಗೊಂದಲವೆನಿಸಿದರೆ ‘ಯಾರು ಸೊನ್ನದು?’ ಎಂದು ಕೇಳಬಹುದು. ಇದು ‘ಯಾರು ಹೇಳಿದ್ದು?’ ಎಂಬುದಕ್ಕೆ ಅಂಗಾಂಗವೂ ಹೊಂದುವ ರಚನೆ. ‘ಸೊಲ್’ ಧಾತುವೂ ನಮಗೆ ಹೊರಗಿನದಲ್ಲ. ‘ಸೊಲ್ಲೆತ್ತು’, ‘ಸೊಲ್ಲಡಗು’ ಎಂಬ ಮಾತುಗಳಲ್ಲಿ ಅದು ಕನ್ನಡದಲ್ಲೂ ಉಳಿದಿದೆ.

ಹಿರಿಯರನ್ನು ಕೇಳುವಾಗ ‘ಉಂಗಳುಕ್ಕು ಯಾರ್ ಸೊನ್ನಾಂಗ?’, ಅಂದರೆ ‘ನಿಮಗೆ ಯಾರು ಹೇಳಿದರು?’ ಎನ್ನಬೇಕು. ಇಲ್ಲಿ ಎದುರಿಗಿರುವವರಿಗೆ ಗೌರವ ಸಲ್ಲುವುದು ‘ಉಂಗಳುಕ್ಕು’ ಎಂಬುದರಿಂದಲೇ ಹೊರತು ‘ಸೊನ್ನಾಂಗ’ ಎಂಬುದರಿಂದಲ್ಲ. ಆ ಬಹುವಚನ ಸುದ್ದಿ ತಂದ ಅಪರಿಚಿತರಿಗೆ ಸೇರಿದ್ದು. ಆದ್ದರಿಂದ ‘ಒನಕ್ಕು ಯಾರ್ ಸೊನ್ನಾಂಗ?’, ಅಂದರೆ ‘ನಿನಗೆ ಯಾರು ಹೇಳಿದರು?’ ಎಂದು ಹಿರಿಯರಿಗೆ ಹೇಳಿದರೆ ಮರ್ಯಾದೆ ತಪ್ಪುತ್ತದೆ. ಕೊಯಮತ್ತೂರಿನ ಕಡೆ ‘ಯಾರುಂಗ ಸೊನ್ನದು?’ ಎನ್ನುತ್ತಾರೆ, ಅದರ ‘ಂಗ’ ನಮ್ಮ ‘ಯಾರ್ರೀ ಹೇಳಿದ್ದು?’ ಎಂಬುದರ ‘ರೀ’ಯಂತೆ ನೇರವಾಗಿ ಕೇಳುಗರಿಗೇ ಸಲ್ಲುತ್ತದೆ.

‘ಒನಕ್ಕು ಎಪ್ಪಡಿ ತೆರಿಯುಂ?’, ಅಂದರೆ ‘ನಿನಗೆ ಹೇಗೆ ಗೊತ್ತು?’ ಎಂಬುದನ್ನು ‘ಯಾರ್ ಸೊನ್ನಾ?’ ಎಂಬುದಕ್ಕೆ ಪರ್ಯಾಯವೆಂದು ಹೇಳಿಕೊಡುವವರಿದ್ದಾರೆ, ಆದರೆ ಅದು ಬೇರೆಯೇ ಪ್ರಶ್ನೆ. ‘ಇಂಗಿರುಂದು ಮಲೈ ತೆರಿಯುದು’ ಎಂದರೆ ‘ಇಲ್ಲಿಂದ ಬೆಟ್ಟ ಕಾಣುತ್ತದೆ’. ಕಾಣುವುದೂ ಗೊತ್ತಿರುವುದೂ ‘ತೆರಿ’ ಎಂಬ ಒಂದೇ ಧಾತುವಿನಲ್ಲಿವೆ. ‘ಯಾರ್ ಸೊನ್ನಾ?’ ಎಂಬುದು ಹೇಳಿದ ವ್ಯಕ್ತಿಯನ್ನು ಕೇಳಿದರೆ, ‘ಎಪ್ಪಡಿ ತೆರಿಯುಂ?’ ಎಂಬುದು ಆ ಅರಿವು ನಿನಗೆ ದಕ್ಕಿದ ಬಗೆಯನ್ನು ಕೇಳುತ್ತದೆ, ಉತ್ತರವಾಗಿ ‘ನಾನೇ ಪಾತ್ತೇನ್’, ಅಂದರೆ ‘ನಾನೇ ನೋಡಿದೆ’ ಎಂದೂ ಬರಬಹುದು. ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ‘ತಿಳಿ’ಗೆ ಸಾಟಿಯಾದ ತಮಿಳು ಧಾತು ‘ತೆರಿ’ ಅಲ್ಲ, ‘ತೆಳಿ’.

ಈಗ ‘ವಾಟ್ಸಾಪ್‌ಲ ವಂದುಚ್ಚು’, ಅಂದರೆ ‘ವಾಟ್ಸಾಪಿನಲ್ಲಿ ಬಂತು’ ಎಂಬ ಉತ್ತರ ಎಲ್ಲೆಡೆ ಕೇಳಿಬರುತ್ತದೆ. ಅಲ್ಲಿ ಹೇಳಿದವರೇ ಇಲ್ಲದಂತಾಗಿ ‘ಯಾರ್ ಸೊನ್ನಾ?’ ಎಂಬುದಕ್ಕೆ ಹಿಡಿತ ಸಿಗುವುದಿಲ್ಲ, ‘ಯಾರ್ ಅನುಪ್ಪಿನಾ?’, ಅಂದರೆ ‘ಯಾರು ಕಳಿಸಿದರು?’ ಎಂದು ಮುಂದುವರಿಸಬೇಕಾಗುತ್ತದೆ.

ಕನ್ನಡದ ಒಳಗಿನ ಬಳಕೆಯ ಬಗ್ಗೆ ಬಲ್ಲವರನ್ನು ಕೇಳುವುದಿದೆ. ದಕ್ಷಿಣದ ಆಡುಮಾತಿನಲ್ಲಿ ‘ಯಾರು ಹೇಳಿದ್ರು?’ ಎಂಬುದು ವಿಚಾರಣೆಗೂ, ‘ಯಾರು ಹೇಳಿದ್ದು ನಿಂಗೆ?’ ಎಂಬುದು ಅಲ್ಲಗಳೆಯುವುದಕ್ಕೂ ಹೆಚ್ಚು ಒಗ್ಗುತ್ತವೆ ಎಂದು ನನ್ನ ಕಿವಿಗೆ ತೋರುತ್ತದೆ. ಧಾರವಾಡ, ವಿಜಯಪುರಗಳ ಕಡೆಯ ‘ಯಾರ್ ಹೇಳ್ಯಾರ?’ ಎಂಬ ರೂಪ ಈ ಎರಡರಲ್ಲಿ ಯಾವ ಕಡೆಗೆ ವಾಲುತ್ತದೆ? ತಮಿಳಿನ ಒಡನಾಟದಲ್ಲಿಯೇ ಬದುಕುವ ಹೊಸೂರು, ತಾಳವಾಡಿಗಳ ಕನ್ನಡಿಗರು ‘ಅಂತೆ’ ಸೇರಿದ ಮಾತಿಗೆ ಮೂಲವನ್ನು ಕೇಳುವಾಗ ಯಾವ ರೂಪವನ್ನು ಬಳಸುತ್ತಾರೆ?